ಅಪ್ಪನ ಕೊಲೆಸ್ಟ್ರಾಲ್ ಮಾತ್ರೆ ಜೊತೆ ಹೋಮಿಯೋಪತಿ ಹನಿ ತಗೋಬಹುದಾ?

ತರೀಕೆರೆ_ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಅಪ್ಪನಿಗೆ 64 ವರ್ಷ. ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಹತ್ತು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಆಗಿನಿಂದ ರಾತ್ರಿ ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ 40 (ಸ್ಟಾಟಿನ್ ಗುಂಪಿನ ಮಾತ್ರೆ), ರಕ್ತ ತೆಳು ಮಾಡೋಕೆ ಎರಡು ಮಾತ್ರೆ, ಬಿಪಿಗೆ ಒಂದು. ಮೊದಲು ಬೀಡಿ ಸೇದುತ್ತಿದ್ದರು, ಅಟ್ಯಾಕ್ ಆದಮೇಲೆ ಬಿಟ್ಟರು.

ಈಗ ನಾಲ್ಕು ತಿಂಗಳಿಂದ ಕಾಲು ನೋವು ಅಂತಿದ್ದಾರೆ. ಬಸ್ ಸ್ಟ್ಯಾಂಡ್ ತನಕ ನಡೆದರೆ ಬಲಗಾಲಿನ ಮೀನಖಂಡ ಹಿಡ್ಕೊಳ್ಳುತ್ತೆ, ಯಾವುದಾದ್ರೂ ಅಂಗಡಿ ಕಟ್ಟೆ ಮೇಲೆ ಕೂತರೆ ಸರಿಹೋಗುತ್ತೆ. ಪಕ್ಕದ ಮನೆ ಅಂಕಲ್ "ಅದೆಲ್ಲ ಕೊಲೆಸ್ಟ್ರಾಲ್ ಮಾತ್ರೆದೇ ಕೆಲಸ, ನಂಗೂ ಹಂಗೇ ಆಗಿತ್ತು" ಅಂದುಬಿಟ್ಟರು. ಅಪ್ಪ ಸೀದಾ ನಮ್ಮೂರ ಹೋಮಿಯೋಪತಿ ಡಾಕ್ಟ್ರ ಹತ್ರ ಹೋದರು. ನಾವು ಚಿಕ್ಕವರಿದ್ದಾಗಿಂದ ಶೀತ, ಜ್ವರ, ಕಜ್ಜಿ, ಎಲ್ಲದಕ್ಕೂ ಅವರೇ. ಅವರು ಬಿಳಿ ಗುಳಿಗೆ ಒಂದು ಡಬ್ಬಿ, ದಿನಕ್ಕೆ ಮೂರು ಸಲ 20 ಹನಿ ನೀರಿಗೆ ಹಾಕ್ಕೊಂಡು ಕುಡಿಯೋಕೆ ಒಂದು ಬಾಟಲಿ ಕೊಟ್ಟಿದ್ದಾರೆ. ಕಾಫಿ ಬಿಡಬೇಕು ಅಂದಿದ್ದಾರೆ. ಚಿಕ್ಕಮಗಳೂರು ಜಿಲ್ಲೆಯವರಿಗೆ ಕಾಫಿ ಬಿಡಿ ಅನ್ನೋದು! ಆದ್ರೂ ಅಪ್ಪ ಬಿಟ್ಟಿದ್ದಾರೆ, ಅಷ್ಟು ನಂಬಿಕೆ.

ಇದನ್ನೆಲ್ಲ ಒಟ್ಟಿಗೆ ತಗೊಂಡರೆ ತೊಂದರೆ ಇದೆಯಾ? ಹಾರ್ಟ್ ಡಾಕ್ಟ್ರಿಗೆ ಹೇಳೋಣ ಅಂದರೆ "ಬೈತಾರೆ, ಬೇಡ" ಅಂತಾರೆ.

ಬಿಳಿಗುಳಿಗೆ:

ಏನೂ ಆಗಲ್ಲ ಅಕ್ಕ, ಧೈರ್ಯವಾಗಿರಿ. ನಮ್ಮಮ್ಮ ಹತ್ತು ವರ್ಷದಿಂದ ಶುಗರ್ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ಹೋಮಿಯೋಪತಿ ಎಲ್ಲ ತಗೋತಾರೆ. ಅರ್ಧ ಗಂಟೆ ಗ್ಯಾಪ್ ಕೊಟ್ಟರೆ ಸಾಕು. ಹೋಮಿಯೋಪತಿಗೆ ಸೈಡ್ ಎಫೆಕ್ಟೇ ಇಲ್ಲ.

ಕಟ್ಟೆಪುರಾಣ:

ಸೈಡ್ ಎಫೆಕ್ಟ್ ಇರಬೇಕು ಅಂದರೆ ಮೊದಲು ಒಳಗೆ ಏನಾದ್ರೂ ಇರಬೇಕಲ್ವಾ? ಲೆಕ್ಕ ಹಾಕೋಣ ಬನ್ನಿ. ಹೋಮಿಯೋಪತಿ ಔಷಧಿಯನ್ನು ಎಷ್ಟು ಸಲ ತೆಳು ಮಾಡಿದ್ದಾರೆ ಅನ್ನೋದನ್ನ ಸಿ ಅಂತ ಬರೀತಾರೆ. ಒಂದು ಸಿ ಅಂದರೆ ನೂರರಲ್ಲಿ ಒಂದು ಭಾಗ. ಅದನ್ನು ಮತ್ತೆ ನೂರರಲ್ಲಿ ಒಂದು ಮಾಡಿದರೆ 2ಸಿ. ಕೆಆರ್‌ಎಸ್ ಪೂರ್ತಿ ತುಂಬಿದರೆ 49.45 ಟಿಎಂಸಿ. ಅದಕ್ಕೆ ಒಂದೇ ಒಂದು ತೊಟ್ಟು ಔಷಧಿ ಹಾಕಿ ಚೆನ್ನಾಗಿ ಕಲಸಿದರೆ ಬರೋದು ಸುಮಾರು 8ಸಿ. ಅಂಗಡಿಯಲ್ಲಿ ಸಿಗೋದು 30ಸಿ, 200ಸಿ. 12ಸಿ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣುವಾದರೂ ಉಳಿದಿರೋ ಸಾಧ್ಯತೆ ಇಲ್ಲ ಅಂತಲೇ ಹೇಳಬೇಕು. ಇಲ್ಲದೇ ಇರೋದು ಸ್ಟಾಟಿನ್ ಜೊತೆ ಹೇಗೆ ಜಗಳ ಆಡುತ್ತೆ? 2015ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ ಇರೋಬರೋ ಅಧ್ಯಯನ ಎಲ್ಲ ಜಾಲಾಡಿ, ಹೋಮಿಯೋಪತಿಯಿಂದ ಇಂಥ ಕಾಯಿಲೆ ಗುಣ ಆಗುತ್ತೆ ಅನ್ನೋಕೆ ನಂಬುವಂಥ ಪುರಾವೆ ಒಂದಕ್ಕೂ ಇಲ್ಲ ಅಂದಿತ್ತು.

ಹಾಗಾಗಿ ಸೇಫ್. ದುಡ್ಡು ದಂಡ, ಅಷ್ಟೇ.

ಬಿಳಿಗುಳಿಗೆ:

ಬಂದ್ರು ನೋಡಿ. 1880ರಲ್ಲೇ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಲದ ಮರದ ಕೆಳಗೆ ಕೂತು ಬಡವರಿಗೆ ಇದೇ ಔಷಧಿ ಕೊಟ್ಟವರು. ಅಷ್ಟು ಜನ ಎಲ್ಲ ಮೂರ್ಖರಾ?

ಕಟ್ಟೆಪುರಾಣ:

ಮೂರ್ಖರು ಅಂತ ನಾನೆಲ್ಲಿ ಅಂದೆ ಮಾರಾಯ್ರೇ? ಆದರೆ ಅದೇ ಸಂಸ್ಥೆಯಲ್ಲಿ ಇವತ್ತು ಹೋಮಿಯೋಪತಿ ಕಾಲೇಜಿನ ಜೊತೆ ಎಂಬಿಬಿಎಸ್ ಕಾಲೇಜೂ ಇದೆ, ದೊಡ್ಡ ಆಸ್ಪತ್ರೆಯೂ ಇದೆ. ಅಟ್ಯಾಕ್ ಆದವರನ್ನು ಯಾವ ಬಾಗಿಲಿಗೆ ಕರ್ಕೊಂಡು ಹೋಗ್ತಾರೆ ಹೇಳಿ.

ಔಷಧಿಅಂಗಡಿ:

ಇಬ್ಬರೂ ಸ್ವಲ್ಪ ನಿಲ್ಲಿ. ಫಾರ್ಮಸಿ ಓದಿ ಹದಿನೆಂಟು ವರ್ಷದಿಂದ ಕೌಂಟರಿನಲ್ಲಿ ನಿಂತಿದ್ದೇನೆ, ಎರಡೂ ಥರದ ಔಷಧಿ ಮಾರಿದ್ದೇನೆ.

ಕಟ್ಟೆಪುರಾಣ ಅವರ ಲೆಕ್ಕ ಸರಿ, ಆದರೆ ಅದು ಗುಳಿಗೆಯ ಲೆಕ್ಕ. ಅವರು "ಹನಿ, ದಿನಕ್ಕೆ ಮೂರು ಸಲ 20" ಅಂದಿದ್ದಾರೆ. ಅಷ್ಟು ಹನಿ ಹೇಳಿದ್ದಾರೆ ಅಂದರೆ ಹೆಚ್ಚಾಗಿ ಅದು ಮದರ್ ಟಿಂಚರ್. ಅಂದರೆ ಗಿಡವನ್ನು ಆಲ್ಕೋಹಾಲಿನಲ್ಲಿ ನೆನೆಸಿ ತೆಗೆದ ಸಾರ. ಅದನ್ನು ನೀರಾಗಿಸಿರೋದೇ ಇಲ್ಲ. ಲೇಬಲ್ ಮೇಲೆ ಹೆಸರಿನ ಮುಂದೆ ಇಂಗ್ಲಿಷಿನ ಕ್ಯೂ ಅಕ್ಷರ ಇರುತ್ತೆ. 30 ಅಂತ ಇದ್ದರೆ ಕೆಆರ್‌ಎಸ್ ಕಥೆ. ಕ್ಯೂ ಅಂತ ಇದ್ದರೆ ಅದು ಕಷಾಯದ ಕಥೆ. ಎರಡೂ ಒಂದೇ ಅಂಗಡಿಯಲ್ಲಿ, ಒಂದೇ ಥರದ ಬಾಟಲಿಯಲ್ಲಿ, "ಹೋಮಿಯೋಪತಿ" ಅನ್ನೋ ಒಂದೇ ಹೆಸರಲ್ಲಿ ಸಿಗುತ್ತೆ. ಜನ ಯಾಮಾರೋದೇ ಇಲ್ಲಿ.

ಅಕ್ಕ, ಬಾಟಲಿ ತಿರುಗಿಸಿ ಲೇಬಲ್ ಓದಿ ಹೇಳಿ. ಮನೆಯಲ್ಲಿ ಇನ್ನೇನೇನು ಬಾಟಲಿ ಇದೆ ಅಂತಲೂ ನೋಡಿ. ಒಂದೇ ಇರೋ ಮನೆ ನಾನಂತೂ ನೋಡಿಲ್ಲ.

ತರೀಕೆರೆ_ಮಗಳು:

ನೀವು ಹೇಳಿದ್ದು ನಿಜ ಆಯ್ತು ಸರ್. ದೇವರ ಮನೆ ಪಕ್ಕದ ಗೂಡಿನಲ್ಲಿ ಮೂರು ಇದೆ.

ಗುಳಿಗೆ ಡಬ್ಬಿ ಮೇಲೆ ಪೆನ್ನಿನಲ್ಲಿ ರಸ್ ಟಾಕ್ಸ್ 200 ಅಂತ ಬರೆದಿದೆ. ಹನಿ ಬಾಟಲಿ ಚೆಲಿಡೋನಿಯಮ್ ಕ್ಯೂ. ಇದು ಕಾಲಿಗಲ್ಲವಂತೆ, ಹಿಂದೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿತ್ತು, ಅದಕ್ಕೆ. ಮೂರನೇದು ನಮ್ಮಣ್ಣ ಆನ್‌ಲೈನಿನಲ್ಲಿ ತರಿಸಿಕೊಟ್ಟ "ಕೊಲೆಸ್ಟ್ರಾಲ್ ಡ್ರಾಪ್ಸ್". ಅದರಲ್ಲಿ ಬೆಳ್ಳುಳ್ಳಿ, ಗುಗ್ಗುಳ, ಅರ್ಜುನ ಎಲ್ಲ ಕ್ಯೂ ಅಂತ ಇದೆ. ಇದರ ವಿಷಯ ಹೋಮಿಯೋಪತಿ ಡಾಕ್ಟ್ರಿಗೂ ಗೊತ್ತಿಲ್ಲ. ನನಗಂತೂ ಗೊತ್ತೇ ಇರಲಿಲ್ಲ.

ಔಷಧಿಅಂಗಡಿ:

ಈಗ ಒಂದೊಂದಾಗಿ ಹೇಳ್ತೀನಿ.

ರಸ್ ಟಾಕ್ಸ್ 200 ಪಕ್ಕಕ್ಕಿಡಿ. ಸ್ಟಾಟಿನ್‌ಗೆ ಅದರಿಂದ ಏನೂ ಇಲ್ಲ.

ಚೆಲಿಡೋನಿಯಮ್ ಒಂದು ಹಳದಿ ಹೂವಿನ ಗಿಡ. ಯುರೋಪಿನಲ್ಲಿ ಇದರ ಸಾರವನ್ನು ಹೊಟ್ಟೆ, ಪಿತ್ತದ ತೊಂದರೆಗೆ ತಗೊಂಡವರಲ್ಲಿ ಲಿವರ್‌ಗೆ ಪೆಟ್ಟಾದ ಕೇಸ್‌ಗಳು ವರದಿಯಾಗಿವೆ, ಜರ್ಮನಿಯಲ್ಲಿ ಮುಖ್ಯವಾಗಿ. ತಮಾಷೆ ನೋಡಿ, ಇಲ್ಲಿ ಅದನ್ನೇ ಲಿವರ್ ಚೆನ್ನಾಗಾಗಲಿ ಅಂತ ಕೊಡ್ತಾರೆ. ಅಲ್ಲಿ ಜನ ತಗೊಂಡ ಪ್ರಮಾಣ ಇದಕ್ಕಿಂತ ಜಾಸ್ತಿ ಇರಬಹುದು, ಹೆದರಿಸೋಕೆ ಹೇಳ್ತಿಲ್ಲ. ಆದರೆ ದಿನಕ್ಕೆ 60 ಹನಿ ತಿಂಗಳುಗಟ್ಟಲೆ ಅಂದರೆ ಅದು ಸೊನ್ನೆ ಅಲ್ಲ. ಸ್ಟಾಟಿನ್ ಕೂಡ ಕೆಲವರಲ್ಲಿ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರೋ ಎಂಜೈಮ್) ಸ್ವಲ್ಪ ಏರಿಸುತ್ತೆ. ನಾಳೆ ರಿಪೋರ್ಟ್‌ನಲ್ಲಿ ಎಸ್‌ಜಿಪಿಟಿ ಜಾಸ್ತಿ ಬಂತು ಅಂದ್ಕೊಳ್ಳಿ, ಹನಿ ವಿಷಯ ಗೊತ್ತಿಲ್ಲದ ಹಾರ್ಟ್ ಡಾಕ್ಟ್ರು ಏನು ಮಾಡ್ತಾರೆ? ಸ್ಟಾಟಿನ್ ಮೇಲೆ ಅನುಮಾನ ಪಡ್ತಾರೆ. ಬೇಕಾಗಿರೋ ಮಾತ್ರೆ ನಿಲ್ಲುತ್ತೆ, ಬೇಡದ್ದು ಗೂಡಿನಲ್ಲೇ ಉಳಿಯುತ್ತೆ.

ಗುಗ್ಗುಳದ್ದು ಇನ್ನೊಂದು ಕಥೆ. ಕೊಲೆಸ್ಟ್ರಾಲ್ ಇಳಿಸುತ್ತೆ ಅಂತ ನಮ್ಮ ದೇಶದಲ್ಲಿ ಭಾರೀ ಹೆಸರು. ಆದರೆ ಅಮೆರಿಕದಲ್ಲಿ 103 ಜನರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದರು. ಗುಗ್ಗುಳ ತಗೊಂಡವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಳಿಯೋ ಬದಲು ಸ್ವಲ್ಪ ಏರಿತ್ತು. ಸ್ನಾಯುಗಳಿಗೆ ತೀವ್ರ ತೊಂದರೆಯಾದ ಕೇಸೂ ವರದಿಯಾಗಿದೆ. ಸ್ಟಾಟಿನ್ ಜೊತೆ ಇದು ಬೇಡವೇ ಬೇಡ. ಬೆಳ್ಳುಳ್ಳಿ ಸಾರು, ಒಗ್ಗರಣೆ ಧಾರಾಳವಾಗಿ ತಿನ್ನಲಿ. ಆದರೆ ರಕ್ತ ತೆಳು ಮಾಡೋ ಎರಡು ಮಾತ್ರೆ ತಗೊಳ್ಳೋರಿಗೆ ಬೆಳ್ಳುಳ್ಳಿಯ ಗಟ್ಟಿ ಸಾರ ಡಾಕ್ಟ್ರನ್ನು ಕೇಳದೆ ಬೇಡ.

ನ್ಯೂಜೆರ್ಸಿ_ಭಾವ:

ಇಲ್ಲಿಂದ ಎರಡು ಮಾತು. ಲೇಬಲ್ ಮೇಲೆ ಇರೋದೇ ಒಳಗಿದೆ ಅಂತ ನಂಬಬೇಡಿ. ಅಮೆರಿಕದಲ್ಲಿ ಮಕ್ಕಳಿಗೆ ಹಲ್ಲು ಬರುವಾಗ ಕೊಡೋ ಹೋಮಿಯೋಪತಿ ಗುಳಿಗೆಯಲ್ಲಿ ಬೆಲ್ಲಡೋನಾ ಅನ್ನೋ ವಿಷದ ಗಿಡದ ಅಂಶ ಒಂದರಲ್ಲಿ ಒಂದಷ್ಟು, ಇನ್ನೊಂದರಲ್ಲಿ ಇನ್ನೊಂದಷ್ಟು ಇದ್ದದ್ದು ಇಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪರೀಕ್ಷೆಯಲ್ಲಿ ಸಿಕ್ಕಿತು. 2017ರಲ್ಲಿ ಪೋಷಕರಿಗೆ ಎಚ್ಚರಿಕೆ ಕೊಟ್ಟರು.

ಇನ್ನೊಂದು, ಊರಿಗೆ ಬರುವಾಗ ನಮ್ಮಂಥವರು ತರೋ "ನ್ಯಾಚುರಲ್" ಬಾಟಲಿಗಳು. ರೆಡ್ ಯೀಸ್ಟ್ ರೈಸ್ ಅಂತ ಬರುತ್ತೆ. ಅದರಲ್ಲಿರೋ ಮೊನಾಕೋಲಿನ್ ಕೆ ಅನ್ನೋದು ಲೋವಾಸ್ಟಾಟಿನ್ನೇ! ಮಾತ್ರೆಯಲ್ಲೂ ಸ್ಟಾಟಿನ್, ನ್ಯಾಚುರಲ್‌ನಲ್ಲೂ ಸ್ಟಾಟಿನ್. ನಮ್ಮ ಮಾವನಿಗೆ ನಾನೇ ತಂದುಕೊಟ್ಟಿದ್ದೆ, ಆಮೇಲೆ ಓದಿ ತಲೆ ಚಚ್ಚಿಕೊಂಡೆ.

ಅಂದಹಾಗೆ ಮೊದಲ ಸ್ಟಾಟಿನ್ ಸಿಕ್ಕಿದ್ದೂ ಬೂಷ್ಟಿನಿಂದಲೇ. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಸಾವಿರಾರು ಬಗೆಯ ಬೂಷ್ಟು, ಅಣಬೆ ಜಾತಿ ಹುಡುಕಿ ತೆಗೆದದ್ದು. "ಕೆಮಿಕಲ್, ಕೆಮಿಕಲ್" ಅಂತ ಬೈಯೋರಿಗೆ ಹೇಳಿ.

ಹನಿಡಾಕ್ಟ್ರು:

ನಾನು ಬಿಎಚ್‌ಎಂಎಸ್ (ಹೋಮಿಯೋಪತಿ ಡಿಗ್ರಿ), ಪ್ರಾಕ್ಟೀಸ್ ಮಾಡ್ತಿದ್ದೇನೆ. ಬೈಯೋರು ಬೈಯಿರಿ, ಆದರೆ ಕೇಳಿ.

ಅಣುವಿನ ಲೆಕ್ಕ ನಮಗೂ ಗೊತ್ತು, ಆ ಜಗಳ ಇವತ್ತು ಬೇಡ. ಸ್ಟೆಂಟ್ ಹಾಕಿಸಿಕೊಂಡವರು ನನ್ನ ಹತ್ರ ಬಂದರೆ ಮೊದಲು ಕೇಳೋದೇ ಮಾತ್ರೆ ಚೀಟಿ. ಸ್ಟಾಟಿನ್ ಆಗಲಿ, ರಕ್ತ ತೆಳು ಮಾಡೋದಾಗಲಿ ನಾನು ನಿಲ್ಲಿಸಲ್ಲ, ನಿಲ್ಲಿಸೋ ಅಧಿಕಾರ ನನ್ನದಲ್ಲ. ಇವರ ಡಾಕ್ಟ್ರೂ ನಿಲ್ಲಿಸಿ ಅಂದಿಲ್ಲ ಅನ್ಸುತ್ತೆ, ಕೇಳಿ ನೋಡಿ.

ಮದರ್ ಟಿಂಚರ್ ಬಗ್ಗೆ ಅಂಗಡಿಯವರು ಹೇಳಿದ್ದು ನಾನು ಒಪ್ತೀನಿ. ಅದು ಆಲ್ಕೋಹಾಲಿನಲ್ಲಿ ಇರೋ ಗಿಡದ ಸಾರ. ಅದಕ್ಕೇ ಶೇ. 12ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಂಗಡಿಯಲ್ಲಿ 30 ಎಂಎಲ್‌ಗಿಂತ ದೊಡ್ಡ ಬಾಟಲಿ ಮಾರುವಂತಿಲ್ಲ ಅಂತ ನಿಯಮ ಇದೆ. ಇನ್ನೊಂದು ನಾನೇ ಸೇರಿಸ್ತೀನಿ. ನರದ ನೋವಿಗೆ ಹೈಪೆರಿಕಮ್ ಅನ್ನೋ ಗಿಡದ ಔಷಧಿ ಕೊಡೋದು ನಮ್ಮಲ್ಲಿ ಮಾಮೂಲಿ. 30, 200 ಆದರೆ ಬೇರೆ ಮಾತು. ಕ್ಯೂ ಆದರೆ, ಅಟೋರ್ವಾಸ್ಟಾಟಿನ್ ಅನ್ನು ಒಡೆಯೋ ಲಿವರ್‌ನ ಎಂಜೈಮ್ ಅನ್ನು ಆ ಗಿಡ ಚುರುಕು ಮಾಡುತ್ತೆ, ಮಾತ್ರೆ ಬೇಗ ಖಾಲಿಯಾಗುತ್ತೆ, ಎಲ್‌ಡಿಎಲ್ ಏರುತ್ತೆ. ಇದನ್ನು ಎಲ್ಲ ಸಹೋದ್ಯೋಗಿಗಳೂ ನೆನಪಿಟ್ಟಿರ್ತಾರೆ ಅಂತ ನಾನು ಹೇಳಲಾರೆ.

ಆನ್‌ಲೈನ್ ಡ್ರಾಪ್ಸ್ ಬಗ್ಗೆ ಮಾತಾಡೋದೇ ಬೇಡ. ಯಾರು ನೋಡಿ ಕೊಟ್ಟರು ಅದನ್ನು?

ಬಿಳಿಗುಳಿಗೆ:

ಹಾಗಾದ್ರೆ ಚಕ್ಕೋತ? ಅದೂ ತಿನ್ನಬಾರದು ಅಂತ ಯಾರೋ ಅಂದರು. ನಮ್ಮದು ದೇವನಹಳ್ಳಿ ಕಡೆ, ಮನೆ ಹಿಂದೇನೇ ಮರ ಇದೆ. ಅಮ್ಮ ದಿನಾ ತಿಂತಾರೆ.

ಔಷಧಿಅಂಗಡಿ:

ಪುಸ್ತಕದಲ್ಲಿ ಎಚ್ಚರಿಕೆ ಇರೋದು ಗ್ರೇಪ್‌ಫ್ರೂಟ್‌ಗೆ. ಅದು ಹೈಪೆರಿಕಮ್‌ಗೆ ಉಲ್ಟಾ, ಅದೇ ಎಂಜೈಮ್ ಅನ್ನು ತಡೆಯುತ್ತೆ, ಮಾತ್ರೆ ಮೈಯಲ್ಲಿ ಜಾಸ್ತಿ ಉಳಿಯುತ್ತೆ. ಚಕ್ಕೋತ ಅದರ ದಾಯಾದಿ, ಅದೇ ಜಾತಿಯ ರಾಸಾಯನಿಕ ಇದರಲ್ಲೂ ಇದೆ. ಅಮ್ಮನದು ರೋಸುವಾಸ್ಟಾಟಿನ್ ಆದರೆ ಅದು ಆ ದಾರಿಯಲ್ಲಿ ಹೆಚ್ಚು ಹೋಗಲ್ಲ, ಚಿಂತೆ ಕಮ್ಮಿ. ಅಟೋರ್ವಾ, ಸಿಮ್ವಾ ಆದರೆ ದಿನಾ ಇಡೀ ಹಣ್ಣು ತಿನ್ನೋ ಅಭ್ಯಾಸ ಇದೆ ಅಂತ ಡಾಕ್ಟ್ರಿಗೆ ಹೇಳಿಡಿ. ಅರ್ಧ ಗಂಟೆ ಗ್ಯಾಪ್ ಇದಕ್ಕೆ ನಡೆಯಲ್ಲ ಮತ್ತೆ, ಹೊಟ್ಟೆಯಲ್ಲಿ ಕಲಸಿಹೋಗೋ ವಿಷಯ ಅಲ್ಲ ಇದು.

ಬಿಳಿಗುಳಿಗೆ:

ಅಮ್ಮನದು ಅಟೋರ್ವಾ 10. ಸರಿ, ಕೇಳ್ತೀನಿ. ಥ್ಯಾಂಕ್ಸ್.

ಕುಂದಾಪ್ರದ_ಸೊಸೆ:

ಇಲ್ಲಿ ಎಲ್ಲರೂ ಬಾಟಲಿ ಒಳಗಿನದ್ದೇ ಮಾತಾಡ್ತಿದ್ದೀರಿ. ನಮ್ಮ ಮನೆಯಲ್ಲಿ ಆಗಿದ್ದು ಬೇರೆ. ಮಾವನವರು ಬರೀ ಬಿಳಿ ಗುಳಿಗೆ ತಗೊಂಡರು, ಇವರೆಲ್ಲ ಹೇಳೋ ಹಾಗೆ ಏನೂ ಇಲ್ಲದ್ದು. ಆದರೆ ಅದು ಶುರುವಾದ ಮೇಲೆ "ಈಗ ಇದಿದೆಯಲ್ಲ" ಅಂತ ರಾತ್ರಿ ಮಾತ್ರೆ ಬಿಟ್ಟರು. ಯಾರಿಗೂ ಹೇಳಲಿಲ್ಲ. ಅತ್ತೆ ದಿನಾ ನೀರಿನ ಲೋಟ ಇಟ್ಟು ಮಲಗೋರು, ಇವರು ಮಾತ್ರೆಯನ್ನು ಕಿಟಕಿಯಿಂದ ಆಚೆ ಹಾಕೋರು. ಏಳು ತಿಂಗಳಿಗೆ ಎರಡನೇ ಅಟ್ಯಾಕ್ ಆಯ್ತು. ಮಾತ್ರೆ ತಗೊಂಡಿದ್ದರೆ ಆಗ್ತಿರಲಿಲ್ಲ ಅಂತ ನಾನು ಹೇಳೋಕಾಗಲ್ಲ, ಡಾಕ್ಟ್ರೂ ಹಾಗೆ ಹೇಳಲಿಲ್ಲ. ಆದರೆ ಆ ಕಿಟಕಿ ಕೆಳಗಿನ ದಾಸವಾಳದ ಗಿಡ ನೋಡಿದಾಗೆಲ್ಲ ಅದೇ ನೆನಪಾಗುತ್ತೆ.

ಅಪ್ಪನ ಮಾತ್ರೆ ಎಣಿಸಿ ನೋಡಿ ತಂಗಿ.

ತರೀಕೆರೆ_ಮಗಳು:

ಎಣಿಸಿದೆ ಅಕ್ಕ. ಮೆಡಿಕಲ್ ಬಿಲ್ ಹುಡುಕಿ, ತಂದ ತಾರೀಕು ನೋಡಿ ಲೆಕ್ಕ ಹಾಕಿದೆ. 60 ದಿನದಲ್ಲಿ ಖಾಲಿ ಆಗಿರೋದು 27. ಕೇಳಿದ್ದಕ್ಕೆ, "ದಿನಾ ಯಾಕೆ, ದಿನ ಬಿಟ್ಟು ದಿನ ಸಾಕು, ಹನಿ ತಗೋತಿದ್ದೀನಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಮ್ಮಂಗೆ ಹೇಳ್ಬೇಡ" ಅಂದರು.

2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ದಿನಾ ಟಿವಿಯಲ್ಲಿ ಬರೋವಾಗ ಇದೇ ಅಪ್ಪ ಎಲ್ಲರಿಗೂ ಫೋನ್ ಮಾಡಿ ಹಾರ್ಟ್ ಚೆಕ್ ಮಾಡಿಸ್ಕೊಳ್ಳಿ ಅಂತಿದ್ದರು. ತಾವು ಮಾತ್ರ ಮಾಡಿಸಿರಲಿಲ್ಲ ಬಿಡಿ.

ರಾತ್ರಿಪಾಳಿ:

ಮೆಡಿಸಿನ್ ಪಿಜಿ ಮಾಡ್ತಿದ್ದೇನೆ, ಡ್ಯೂಟಿ ಮಧ್ಯೆ ಓದಿದೆ. ಎಲ್ಲರೂ ಒಂದು ಸಾಲು ಬಿಟ್ಟಿದ್ದೀರಿ. ಬೀಡಿ ಸೇದುತ್ತಿದ್ದವರು, ಹಾರ್ಟ್‌ನಲ್ಲಿ ಬ್ಲಾಕ್ ಇದ್ದವರು, ನಡೆದಾಗ ಒಂದೇ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತೆ, ನಿಂತರೆ ಹೋಗುತ್ತೆ. ಇದು ಸ್ಟಾಟಿನ್ ನೋವಿನ ಥರ ಕಾಣ್ತಿಲ್ಲ. ಸ್ಟಾಟಿನ್ ನೋವು ಸಾಮಾನ್ಯವಾಗಿ ಎರಡೂ ಕಡೆ ಬರುತ್ತೆ, ತೊಡೆ, ಸೊಂಟ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ, ಕೂತರೂ ಇರುತ್ತೆ. ಇವರದು ಕಾಲಿನ ರಕ್ತನಾಳವೇ ಕಿರಿದಾಗಿರೋ ನೋವು ಇರಬಹುದು. ಹಾಗಿದ್ದರೆ ಅದಕ್ಕೆ ಬೇಕಾದ ಮುಖ್ಯ ಮಾತ್ರೆಗಳಲ್ಲಿ ಒಂದು ಯಾವುದು ಗೊತ್ತಾ? ಇವರು ದಿನ ಬಿಟ್ಟು ದಿನ ಬಿಡ್ತಿರೋದೇ.

ನೋಡದೆ ನಾನು ಖಚಿತ ಹೇಳಲ್ಲ. ಈ ವಾರವೇ ಹಾರ್ಟ್ ಡಾಕ್ಟ್ರ ಹತ್ರ ಹೋಗಿ, ಎರಡೂ ಪಾದದ ನಾಡಿ ನೋಡಿ ಅಂತ ಕೇಳಿ. ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ), ಎಲ್‌ಎಫ್‌ಟಿ (ಲಿವರ್ ಪರೀಕ್ಷೆ), ಸಿಪಿಕೆ (ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ನೋಡೋ ಪರೀಕ್ಷೆ), ಥೈರಾಯ್ಡ್ ಮಾಡಿಸಿ. ಥೈರಾಯ್ಡ್ ಕಮ್ಮಿ ಇದ್ದರೂ ಸ್ನಾಯು ನೋಯುತ್ತೆ, ಕೊಲೆಸ್ಟ್ರಾಲೂ ಏರುತ್ತೆ. ಮೂರೂ ಬಾಟಲಿ ಕವರಿನಲ್ಲಿ ಹಾಕ್ಕೊಂಡು ಹೋಗಿ ಮೇಜಿನ ಮೇಲೆ ಇಡಿ. ಮೈಕೈ ಪೂರ್ತಿ ವಿಪರೀತ ನೋವು ಬಂದು ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಅಥವಾ ನಡೆಯದೆ ಇದ್ದಾಗಲೂ ಕಾಲು ನೋಯ್ತಾ ತಣ್ಣಗಾದರೆ, ಅಪಾಯಿಂಟ್‌ಮೆಂಟ್ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ.

ಪಕ್ಕದ ಮನೆ ಅಂಕಲ್‌ಗೂ ಒಂದು ವಿಷಯ. ಸೈಡ್ ಎಫೆಕ್ಟ್ ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಲಂಡನ್ನಿನಲ್ಲಿ ಒಂದು ವರ್ಷ ಪ್ರಯೋಗ ಮಾಡಿದರು. ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಏನೂ ಇಲ್ಲದ ಸುಳ್ಳು ಮಾತ್ರೆ, ಕೆಲವು ತಿಂಗಳು ಮಾತ್ರೆಯೇ ಇಲ್ಲ. ಸ್ಟಾಟಿನ್ ತಿಂಗಳಲ್ಲಿ ಹೇಳಿದ ತೊಂದರೆಯಲ್ಲಿ ಶೇ. 90ರಷ್ಟು ಸುಳ್ಳು ಮಾತ್ರೆ ತಿಂಗಳಲ್ಲೂ ಇತ್ತು. 2020ರಲ್ಲಿ ಪ್ರಕಟವಾಯ್ತು. ನೋವು ನಾಟಕ ಅಂತ ಅರ್ಥ ಅಲ್ಲ, ನೋವು ನಿಜವೇ. ಆದರೆ ಬರುತ್ತೆ ಬರುತ್ತೆ ಅಂತ ಕಾಯ್ತಾ ಕೂತರೂ ಬರುತ್ತೆ. ಅವರಲ್ಲಿ ಅರ್ಧದಷ್ಟು ಜನ ಆಮೇಲೆ ಮತ್ತೆ ಸ್ಟಾಟಿನ್ ಶುರು ಮಾಡಿದರು.

ಕಟ್ಟೆಪುರಾಣ:

ನಾನು ಮೊದಲೇ "ಸೇಫ್" ಅಂದಿದ್ದೆ. ವಾಪಸ್ ತಗೋತೀನಿ. ಲೆಕ್ಕ ಸರಿ ಇತ್ತು, ಬಾಟಲಿ ತಪ್ಪಿತ್ತು.

ತರೀಕೆರೆ_ಮಗಳು:

ಹೋಗಿ ಬಂದ್ವಿ. ಡಾಕ್ಟ್ರು ಬೈಯಲಿಲ್ಲ. ಬಾಟಲಿ ಒಂದೊಂದೇ ತಿರುಗಿಸಿ ಓದಿ, "ಗುಳಿಗೆ ಬೇಕಾದ್ರೆ ತಗೊಳ್ಳಿ ಯಜಮಾನ್ರೇ, ಈ ಎರಡು ಇವತ್ತಿಂದ ಬೇಡ, ನನ್ನ ಮಾತ್ರೆ ಮಾತ್ರ ಎಣಿಸಬೇಡಿ" ಅಂದರು. ಅಪ್ಪ ನನ್ನ ಮುಖ ನೋಡಿದರು.

ಎಲ್‌ಡಿಎಲ್ ಮೊದಲು 62 ಇದ್ದದ್ದು 118 ಆಗಿದೆ. ಇವರಿಗೆ 55ರ ಕೆಳಗೆ ಇರಬೇಕಂತೆ. ಎಸ್‌ಜಿಪಿಟಿ 96. ಸಿಪಿಕೆ, ಥೈರಾಯ್ಡ್ ನಾರ್ಮಲ್. ಎಸ್‌ಜಿಪಿಟಿ ಇಷ್ಟಕ್ಕೆಲ್ಲ ಸ್ಟಾಟಿನ್ ನಿಲ್ಲಿಸಬೇಕಿಲ್ಲ, ಹನಿ ನಿಲ್ಲಿಸಿ ಆರು ವಾರ ಬಿಟ್ಟು ನೋಡೋಣ ಅಂದರು. ಬಲಗಾಲಿನ ಪಾದದಲ್ಲಿ ನಾಡಿ ಸರಿಯಾಗಿ ಸಿಗಲಿಲ್ಲ. ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಬರೆದುಕೊಟ್ಟಿದ್ದಾರೆ.

ಬರೋವಾಗ ಹೋಮಿಯೋಪತಿ ಡಾಕ್ಟ್ರ ಹತ್ರಾನೂ ಹೋದ್ವಿ. ಅವರು ಸ್ಟಾಟಿನ್ ಬಿಡಿ ಅಂದೇ ಇಲ್ಲ, ಆನ್‌ಲೈನ್ ಬಾಟಲಿ ನೋಡಿ ಅವರೇ ಬೈದರು. ಒಟ್ಟಿನಲ್ಲಿ ಬೈಸಿಕೊಂಡಿದ್ದು ಅಲ್ಲಿ.

ರಾತ್ರಿಪಾಳಿ:

ಡಾಪ್ಲರ್ ಆದಮೇಲೆ ಹೇಳಿ.

ತರೀಕೆರೆ_ಮಗಳು:

ತಡ ಆಯ್ತು, ಎರಡು ತಿಂಗಳಾದ ಮೇಲೆ ಬರೀತಿದ್ದೇನೆ. ಬಲ ತೊಡೆಯ ರಕ್ತನಾಳ ಕಿರಿದಾಗಿದೆ ಅಂತ ಬಂತು. ಆಪರೇಷನ್ ಈಗ ಬೇಡವಂತೆ. ಅಟೋರ್ವಾ ಜೊತೆ ಕೊಲೆಸ್ಟ್ರಾಲ್ ಇಳಿಸೋ ಇನ್ನೊಂದು ಮಾತ್ರೆ, ಎಜೆಟಿಮೈಬ್ 10, ಸೇರಿಸಿದ್ದಾರೆ. ಎಸ್‌ಜಿಪಿಟಿ 41ಕ್ಕೆ ಇಳಿದಿದೆ, ಎಲ್‌ಡಿಎಲ್ 58. ಹನಿ ನಿಲ್ಲಿಸಿದ್ದಕ್ಕೇ ಎಸ್‌ಜಿಪಿಟಿ ಇಳಿದಿದ್ದಾ ಅಂತ ಕೇಳಿದೆ, "ಇರಬಹುದು, ಮತ್ತೆ ಕುಡಿಸಿ ಪರೀಕ್ಷೆ ಮಾಡೋಕೆ ನಂಗಿಷ್ಟ ಇಲ್ಲ" ಅಂದರು.

ಸ್ಟ್ರಿಪ್ ಮೇಲೆ ಒಂದೊಂದು ಮಾತ್ರೆ ಹಿಂದೆ ತಾರೀಕು ಬರೆದಿಟ್ಟಿದ್ದೇನೆ. ಅಮ್ಮಂಗೆ ಎಲ್ಲ ಗೊತ್ತಾಯ್ತು, ಅದು ಇನ್ನೊಂದು ಕಥೆ.

ದಿನಾ ನಡೀಬೇಕು, ನೋವು ಬರೋವರೆಗೂ ನಡೆದು, ನಿಂತು, ಮತ್ತೆ ನಡೀಬೇಕು ಅಂತ ಹೇಳಿದ್ದಾರೆ. ಕಾಫಿ ಮತ್ತೆ ಶುರುವಾಗಿದೆ. ಬಸ್ ಸ್ಟ್ಯಾಂಡಿಗೆ ಹೋಗೋಕೆ ಮೊದಲು ಮೂರು ಕಟ್ಟೆ ಮೇಲೆ ಕೂರ್ತಿದ್ದರು, ಈಗ ಒಂದರ ಮೇಲೆ ಕೂರ್ತಾರೆ. ಅದೂ ಆ ಅಂಗಡಿಯವರು ಮಾತಿಗೆ ಸಿಗ್ತಾರೆ ಅಂತ ಇರಬಹುದು, ಗೊತ್ತಿಲ್ಲ.